ಡ್ಯಾಶ್ ಡಿ ಅಂದರೆ ಏನು?

ದಾದರ್ ಸ್ಟೇಷನ್ನಿನ ಇಂಡಿಕೇಟರನ್ನು ಯಾರೂ ನಿಂತು ಓದುವುದಿಲ್ಲ, ಓಡುತ್ತಲೇ ಕಣ್ಣು ಹಾಯಿಸುತ್ತಾರೆ. ಬಿಓ ಎಂದರೆ ಬೊರಿವಲಿ. ಎಫ್ ಇದ್ದರೆ ಫಾಸ್ಟ್, ಎಸ್ ಇದ್ದರೆ ಸ್ಲೋ. 12 ಅಥವಾ 15 ಎಂದಿದ್ದರೆ ಬೋಗಿಗಳ ಲೆಕ್ಕ. ವಿರಾರಿನಿಂದ ಚರ್ಚ್‌ಗೇಟ್ ತನಕ ಎಲ್ಲಿ ಇಳಿದರೂ ಎಫ್‌ಗೆ ಅದೇ ಅರ್ಥ. ನಾಳೆ ಅಂಧೇರಿಯಲ್ಲಿ ಮಾತ್ರ ಎಫ್ ಎಂದರೆ ಫಸ್ಟ್ ಕ್ಲಾಸ್ ಅಂತ ಆದರೆ?

ಕಮಾಂಡ್ ಲೈನಿನಲ್ಲಿ ಇದು ದಿನಾ ಆಗುವ ಪಾಡು. ಎಸ್‌ಎಸ್‌ಎಚ್‌ಗೆ ಪೋರ್ಟ್ ಹೇಳಲು ಸಣ್ಣ ಪಿ. ಅದರ ಒಡಹುಟ್ಟಿದ ಎಸ್‌ಸಿಪಿಗೆ ದೊಡ್ಡ ಪಿ. ಫೋಲ್ಡರ್ ಮಾಡುವ ಎಂಕೆಡಿಐಆರ್‌ನಲ್ಲಿ ಅದೇ ಸಣ್ಣ ಪಿ ಹೊಡೆದರೆ ಮೇಲಿನ ಫೋಲ್ಡರುಗಳೂ ಹುಟ್ಟುತ್ತವೆ.

ನಾನೂ ಇಂಥದ್ದೇ ಮಾಡಿದ್ದೆ. ಅಂಧೇರಿಯ ಆಫೀಸೊಂದರಲ್ಲಿ ಬಿಲ್ಲುಗಳನ್ನು ಒಟ್ಟುಮಾಡಲು ಸಣ್ಣ ಟೂಲ್ ಬರೆದೆ. ಡ್ಯಾಶ್ ಡಿ ಕೊಟ್ಟರೆ ಹಳೆಯ ಫೈಲುಗಳು ಡಿಲೀಟ್. ಅಕೌಂಟ್ಸಿನ ಹುಡುಗ ಡಿ ಎಂದರೆ ಡೇಟ್ ಎಂದುಕೊಂಡು ಹೊಡೆದ. ಮಾರ್ಚಿನ ಬಿಲ್ಲುಗಳೆಲ್ಲ ಮಾಯ. ಬೈಯೋಣವೆಂದು ಹೋದರೆ, ನಾನೇ ಬರೆದ ಇನ್ನೊಂದು ಟೂಲಿನಲ್ಲಿ ಡಿ ಎಂದರೆ ಡೇಟೇ ಆಗಿತ್ತು!

ಅಂದಿನಿಂದ ಕೋಡಿಗೆ ಮೊದಲು ಕಾಗದದ ಮೇಲೆ ಅಕ್ಷರಗಳ ಪಟ್ಟಿ. ಯಾವ ಅಕ್ಷರಕ್ಕೆ ಯಾವ ಕೆಲಸ ಎಂಬುದು ನನ್ನ ಎಲ್ಲ ಟೂಲುಗಳಿಗೂ ಒಂದೇ. ಲೋಕರೂಢಿಯಲ್ಲಿ ಇರುವುದನ್ನು ಮುಟ್ಟುವುದಿಲ್ಲ: ಎರಡು ಡ್ಯಾಶ್ ಹಾಕಿ ಹೆಲ್ಪ್ ಎಂದರೆ ಸಹಾಯ, ವರ್ಷನ್ ಎಂದರೆ ಆವೃತ್ತಿ. ಅಳಿಸುವ ಕೆಲಸಕ್ಕೆ ಒಂಟಿ ಅಕ್ಷರ ಕೊಡುವುದೇ ಇಲ್ಲ, ಪೂರ್ತಿ ಪದ ಟೈಪ್ ಮಾಡಲಿ. ಜೊತೆಗೆ ಡ್ರೈ ರನ್: ಏನೇನು ಹೋಗುತ್ತದೆಂದು ತೋರಿಸುತ್ತದೆ, ಏನನ್ನೂ ಅಳಿಸುವುದಿಲ್ಲ. 'ಖಚಿತವೇ?' ಎಂದು ಕೇಳುವುದೂ ಒಳ್ಳೆಯದೇ, ಆದರೆ ರಾತ್ರಿ ಎರಡಕ್ಕೆ ತಾನಾಗಿ ಓಡುವ ಸ್ಕ್ರಿಪ್ಟಿಗೆ ಉತ್ತರ ಹೇಳುವವರು ಯಾರು? ಆ ಪ್ರಶ್ನೆಯನ್ನು ದಾಟಿಸುವ ಆಯ್ಕೆಯೂ ಬೇಕು.

ಒಂದೇ ಕಮಾಂಡಿಗೆ ಎರಡು ಕೆಲಸ ಕೊಟ್ಟರೂ ಇದೇ ಗೊಂದಲ. ಗಿಟ್‌ನ ಚೆಕ್‌ಔಟ್ ನೋಡಿ. ಬ್ರಾಂಚ್ ಬದಲಿಸುವುದೂ ಅದೇ, ಫೈಲಿನಲ್ಲಿ ಮಾಡಿದ ತಿದ್ದುಪಡಿ ಎಸೆಯುವುದೂ ಅದೇ. 2019ರಲ್ಲಿ ಸ್ವಿಚ್, ರಿಸ್ಟೋರ್ ಎಂಬ ಎರಡು ಬೇರೆ ಕಮಾಂಡ್ ಬಂದವು. ಕೈಗೆ ರೂಢಿಯಾದ ಚೆಕ್‌ಔಟನ್ನು ಮಾತ್ರ ಕಿತ್ತುಹಾಕಲಿಲ್ಲ.

ಎರರ್ ಮೆಸೇಜಿನಲ್ಲಿ ಜಿಪುಣತನ ಬೇಡ. 'ಫೈಲ್ ಸಿಗಲಿಲ್ಲ' ಎಂದರೆ ಸಾಲದು. 'ಏಪ್ರಿಲ್ ಬಿಲ್ ಫೈಲು ಈ ಫೋಲ್ಡರಿನಲ್ಲಿ ಇಲ್ಲ. ಬೇರೆ ಕಡೆ ಇದ್ದರೆ ಫೋಲ್ಡರಿನ ಹೆಸರು ಕೊಡಿ' ಎಂದರೆ ನನಗೆ ಬರುವ ಫೋನು ನಿಲ್ಲುತ್ತದೆ. ಈ ಮಾತು ಫಲಿತಾಂಶದ ಜೊತೆ ಬೆರೆಯಲೂ ಬಾರದು. ಫಲಿತಾಂಶಕ್ಕೆ ಸ್ಟ್ಯಾಂಡರ್ಡ್ ಔಟ್‌ಪುಟ್, ದೂರಿಗೆ ಸ್ಟ್ಯಾಂಡರ್ಡ್ ಎರರ್ ಎಂದು ಯೂನಿಕ್ಸಿನಲ್ಲಿ ಎರಡು ಕೊಳವೆಗಳಿವೆ. ಕೆಲಸ ಕೆಟ್ಟಾಗ ಎಕ್ಸಿಟ್ ಕೋಡ್ ಸೊನ್ನೆ ಕೊಟ್ಟರೆ, ರಾತ್ರಿಯ ಸ್ಕ್ರಿಪ್ಟ್ ಎಲ್ಲ ಸರಿಯಿದೆಯೆಂದು ಮುಂದೆ ಹೋಗುತ್ತದೆ.

ಹೆಲ್ಪ್ ಬರೆಯುವಾಗ ಪೊವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೆನಪಿಗೆ ಬರುತ್ತದೆ. ಲಿನಕ್ಸ್ ಪಾಠ ಅಲ್ಲಿ ಕನ್ನಡದಲ್ಲೂ ಇದೆ. ತೆರೆಯ ಮೇಲೆ ಟೈಪ್ ಮಾಡಿ ತೋರಿಸುತ್ತಾರೆ, ನೋಡುವವರು ಪಕ್ಕದಲ್ಲೇ ಮಾಡಿ ಕಲಿಯುತ್ತಾರೆ. ನನ್ನ ಹೆಲ್ಪಿನಲ್ಲೂ ಈಗ ಮೊದಲು ಉದಾಹರಣೆ, ಆಮೇಲೆ ವಿವರಣೆ.

ತಪ್ಪನ್ನು ತಿದ್ದುವುದಾದರೆ ಬೇಗ ತಿದ್ದಬೇಕು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಮೇಕ್ ಎಂಬ ಟೂಲ್ ಬರೆದ ಸ್ಟುವರ್ಟ್ ಫೆಲ್ಡ್‌ಮನ್, ಸಾಲಿನ ಮೊದಲಿಗೆ ಟ್ಯಾಬ್ ಬೇಕೆಂಬ ನಿಯಮ ತೊಂದರೆಯದ್ದೆಂದು ಗೊತ್ತಾದರೂ ಹಾಗೇ ಉಳಿಸಿಬಿಟ್ಟರು. ಆಗಲೇ ಹನ್ನೆರಡು ಜನರಷ್ಟು ಬಳಸುತ್ತಿದ್ದರು, ಅವರಿಗೆ ಯಾಕೆ ತೊಂದರೆ ಎಂದು. ಇಂದಿಗೂ ಟ್ಯಾಬಿನ ಜಾಗದಲ್ಲಿ ಸ್ಪೇಸ್ ಹೊಡೆದು ತಲೆ ಕೆರೆದುಕೊಳ್ಳುವವರಿದ್ದಾರೆ.

ನನ್ನ ಟೂಲಿನಲ್ಲಿ ಡ್ಯಾಶ್ ಡಿಗೆ ಸದ್ಯ ಯಾವ ಕೆಲಸವೂ ಇಲ್ಲ. ಹೊಡೆದರೆ ಏನನ್ನೂ ಮುಟ್ಟದೆ, ಅಳಿಸಲು ಪೂರ್ತಿ ಪದ ಬರೆಯಿರಿ ಎಂದು ಹೇಳಿ ನಿಲ್ಲುತ್ತದೆ. ಯಾವುದಾದರೂ ಹಳೆಯ ಸ್ಕ್ರಿಪ್ಟಿನಲ್ಲಿ ಅದು ಉಳಿದಿದ್ದರೆ ಒಂದು ವರ್ಷದಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಆ ಅಕ್ಷರವನ್ನು ಡೇಟಿಗೆ ಕೊಡಬೇಕೆಂದಿದ್ದೇನೆ.