ಅಗಲಿದ ಹಲಗೆ

ಫ್ರಾನ್ಸಿನ ಬ್ರಿಟನಿ ಪ್ರಾಂತದ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಸಹೋದರರು, ನೀರಿಗೆ ಬಿದ್ದರೂ ಮುಳುಗದೆ, ಬಿದ್ದಲ್ಲಿಂದಲೇ ಪುನಃ ಮೇಲೇಳಬಲ್ಲ, ಗಾಳಿ ತುಂಬಿದ ಅಂಚುಳ್ಳ ಪಟವೊಂದಕ್ಕೆ 1984ರಲ್ಲಿ ಪೇಟೆಂಟ್ ಕೋರಿದಾಗ ಅವರ ಚಿತ್ತವೆಲ್ಲವೂ ಆ ಪಟದ ಮೇಲೆಯೇ ನೆಟ್ಟಿದ್ದಿತು. ಅದು ಯುಕ್ತವೂ ಹೌದು. ಇಪ್ಪತ್ತು ಮೀಟರಿಗೂ ಮಿಕ್ಕ ದಾರಗಳ ತುದಿಯಲ್ಲಿ ಹಾರುತ್ತ, ಮನುಷ್ಯನನ್ನು ಕಡಲ ಮೇಲೆ ಎಳೆದೊಯ್ಯುವ ಆ ಪಟವೇ ಕೈಟ್‌ಬೋರ್ಡಿಂಗ್ ಎಂಬ ಕ್ರೀಡೆಯ ಎಂಜಿನ್ನು. ಸವಾರನ ಕಾಲಡಿಯ ಹಲಗೆಯ ಕಡೆಗೆ ನೋಡುವವರು ಕಡಮೆ. ಆದರೆ ಪಟವನ್ನು ಆತನ ಸೊಂಟಪಟ್ಟಿಗೆ ಕೊಕ್ಕೆಯಿಂದ ತಗುಲಿಸಿರುವರಾದರೆ, ಹಲಗೆಗೆ ಅಂಥ ಬಂಧನವೇನೂ ಇಲ್ಲ. ಅದರ ಪಟ್ಟಿಗಳೊಳಗೆ ಪಾದಗಳನ್ನು ತೂರಿಸಿ ಆತನು ನಿಂತಿರುತ್ತಾನೆ, ಅಷ್ಟೆ. ಬಿದ್ದೊಡನೆ ಪಾದ ಜಾರುತ್ತದೆ, ಹಲಗೆ ಅಗಲುತ್ತದೆ.

ಹೀಗೆ ಅಗಲಿದ ಹಲಗೆಯನ್ನು ಗಾಳಿಯೇ ಮುಂದಕ್ಕೆ ಹೊತ್ತೊಯ್ದಿರಬೇಕೆಂದು ಭಾವಿಸುವುದು ಸಹಜ, ವಸ್ತುಸ್ಥಿತಿಯಾದರೋ ತದ್ವಿರುದ್ಧವಾದುದು. ನೀರಿನ ಮೈಗೆ ಅಂಟಿದಂತೆ ಚಪ್ಪಟೆಯಾಗಿ ತೇಲುವ ಹಲಗೆಯಲ್ಲಿ ಗಾಳಿಗೆ ಹಿಡಿತ ದೊರೆಯುವುದು ಅತ್ಯಲ್ಪ. ಅಲೆಯೂ ಪ್ರವಾಹವೂ ತಳ್ಳಿದಷ್ಟು ಮಾತ್ರ ಅದು ಸರಿಯುತ್ತದೆ. ಪಟದ ಸೆಳೆತಕ್ಕೆ ಇನ್ನೂ ಒಳಗಾಗಿಯೇ ಇರುವ ಸವಾರನು ಗಾಳಿ ಸಾಗುವ ದಿಕ್ಕಿಗೆ ಅದಕ್ಕಿಂತ ವೇಗವಾಗಿ ಜಾರಿಹೋಗುತ್ತಾನೆ. ಆದಕಾರಣ ಹಲಗೆ ಉಳಿಯುವುದು ಆತನ ಹಿಂದೆ, ಗಾಳಿ ಬರುವ ಕಡೆಗೆ. ಪಟವನ್ನು ಕಟ್ಟಿಕೊಂಡು ಆ ಕಡೆಗೆ ನೇರವಾಗಿ ಈಜಲು ಯಾವ ಬಲಶಾಲಿಯಿಂದಲೂ ಆಗದು.

ಹಗ್ಗವೊಂದನ್ನು ಕಟ್ಟಿಬಿಟ್ಟರೆ ತೀರಿತಲ್ಲವೆ ಎಂದು ಯಾರಿಗಾದರೂ ತೋಚೀತು. ಈ ಕ್ರೀಡೆಯ ಆರಂಭದ ದಿನಗಳಲ್ಲಿ ಅನೇಕರು ಹಾಗೆಯೇ ಮಾಡಿದರು. ಅಲೆಗಳ ಮೇಲೆ ಸರ್ಫಿಂಗ್ ಮಾಡುವವರು ಕಾಲಿಗೂ ಹಲಗೆಗೂ ಹಗ್ಗ ಬಿಗಿದುಕೊಳ್ಳುವ ಪದ್ಧತಿ ಅವರ ಕಣ್ಣಮುಂದಿದ್ದಿತು. ಆದರೆ ಸರ್ಫಿಂಗ್ ಮಾಡುವವನನ್ನು ಎಳೆಯಲು ಆಕಾಶದಲ್ಲಿ ಪಟವಿಲ್ಲ. ಇಲ್ಲಿ ಪಟವು ಸವಾರನನ್ನು ಒಂದೆಡೆಗೆ ಸೆಳೆಯುತ್ತಿರುವಾಗ, ಹಲಗೆಯು ಅಂಚಿನಿಂದ ನೀರನ್ನು ಕಚ್ಚಿ ಹಿಡಿಯುತ್ತದೆ. ನಡುವಣ ರಬ್ಬರಿನ ಹಗ್ಗ ಹಿಗ್ಗುತ್ತ ಹೋಗುತ್ತದೆ. ಹಿಗ್ಗು ಇಮ್ಮಡಿಯಾದರೆ ಅದರಲ್ಲಿ ಸಂಚಿತವಾಗುವ ಶಕ್ತಿ ಸುಮಾರು ನಾಲ್ಮಡಿಯಾಗುವುದೆಂಬುದು ಸ್ಥಿತಿಸ್ಥಾಪಕತ್ವದ ಸಾಮಾನ್ಯ ನಿಯಮ. ಯಾವುದೋ ಕ್ಷಣದಲ್ಲಿ ನೀರಿನ ಹಿಡಿತ ತಪ್ಪಲು, ಕೆಲವು ಕಿಲೋ ತೂಕದ ಗಟ್ಟಿ ಹಲಗೆ ಕವಣೆಯ ಕಲ್ಲಿನಂತೆ ಸಿಡಿದು ಒಡೆಯನತ್ತಲೇ ಹಾರಿಬರುತ್ತದೆ. ಆತನ ಮುಖ ಪಟದ ಕಡೆಗಿರುವುದರಿಂದ ಪೆಟ್ಟು ಬೀಳುವುದು ತಲೆಯ ಹಿಂಬದಿಗೆ. ತಾನಾಗಿ ಸುತ್ತಿಕೊಳ್ಳುವ ಸುರುಳಿಹಗ್ಗಗಳು ಬಂದರೂ ಅಪಾಯ ನೀಗಲಿಲ್ಲ. ಶಿರಸ್ತ್ರಾಣವು ಪೆಟ್ಟನ್ನು ತಗ್ಗಿಸೀತು, ತಡೆಯಲಾರದು. ಕಳೆದುಹೋದ ಹಲಗೆಗಿಂತ ಮರಳಿಬಂದ ಹಲಗೆಯೇ ಹೆಚ್ಚು ಭಯಂಕರವೆಂದು ನನ್ನ ಎಣಿಕೆ. ಹಗ್ಗವಿಲ್ಲದೆಯೇ ಕಲಿಸುವುದು ಈಗಿನ ಶಿಕ್ಷಕರ ಸಾಮಾನ್ಯ ಕ್ರಮ.

ಹಗ್ಗದ ಸ್ಥಾನದಲ್ಲಿ ಅವರು ಕಲಿಸುವ ವಿದ್ಯೆ ಸೊಗಸಾದುದು. ಬಿದ್ದೊಡನೆ ಪಟವನ್ನು ನೆತ್ತಿಯ ಮೇಲಕ್ಕೆ ತಂದು ನಿಲ್ಲಿಸಿದರೆ ಅಡ್ಡಸೆಳೆತ ತಗ್ಗಿ, ಹಲಗೆಗೂ ತನಗೂ ನಡುವಣ ಅಂತರ ಬೆಳೆಯದು. ಅಷ್ಟರಲ್ಲೇ ಕೈಗೆಟುಕಿದರೆ ಕೆಲಸ ಮುಗಿಯಿತು. ಎಟುಕದಿದ್ದಲ್ಲಿ, ಪಟವನ್ನು ಒಂದು ಮಗ್ಗುಲಿಗೆ ಇಳಿಸಿ, ಒಂದು ಕೈಯಿಂದ ಅದನ್ನು ನಿಯಂತ್ರಿಸುತ್ತ, ಇನ್ನೊಂದು ತೋಳನ್ನು ಮುಂದಕ್ಕೆ ಚಾಚಿ ನೀರಿನೊಳಕ್ಕೆ ಇಳಿಸಿ, ಮೈಯನ್ನು ಪಾರ್ಶ್ವಕ್ಕೆ ತಿರುಗಿಸಿಕೊಳ್ಳಬೇಕು. ಹಾಯಿದೋಣಿಯ ತಳದಿಂದ ನೀರೊಳಗೆ ಇಳಿದಿರುವ ಫಲಕವು ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವುದಷ್ಟೆ; ಆ ಕಾರ್ಯವನ್ನು ಇಲ್ಲಿ ಮನುಷ್ಯನ ದೇಹವೇ ಮಾಡುತ್ತದೆ. ಪಟದ ಸೆಳೆತವೂ ನೀರಿನ ಪ್ರತಿರೋಧವೂ ಕೂಡಿ ಆತನನ್ನು ಓರೆಯಾಗಿ ಗಾಳಿಯ ಇದಿರಿಗೆ ಒಯ್ಯುತ್ತವೆ. ಸ್ವಲ್ಪ ದೂರ ಬಲಕ್ಕೆ, ಮತ್ತೆ ಪಟವನ್ನು ಹೊರಳಿಸಿ ಎಡಕ್ಕೆ, ಹೀಗೆ ಅಂಕುಡೊಂಕಾಗಿ ಸಾಗಿದರೆ ಪ್ರತಿ ತಿರುವಿನಲ್ಲಿಯೂ ಕೆಲವು ಮೀಟರುಗಳ ಲಾಭವುಂಟು. ಕಣ್ಣು ನೀರಿನ ಮಟ್ಟದಲ್ಲಿಯೇ ಇರುವುದರಿಂದ ಸಣ್ಣ ಅಲೆಯೂ ಹಲಗೆಯನ್ನು ಮರೆಮಾಡಬಲ್ಲುದು. ಆಗ ಪಟವನ್ನು ಮೇಲಕ್ಕೆ ಹಾಯಿಸಿ, ಕ್ಷಣಕಾಲ ನೀರಿನಿಂದ ಮೈಯೆತ್ತಿ ನೋಡುವುದುಂಟು. ಕೆಂಪೋ ಕಿತ್ತಳೆಯೋ ಆದ ಹಲಗೆ ಇಂಥಲ್ಲಿ ಅನುಕೂಲ. ಕಡಲಿನದೇ ನೀಲಿಯನ್ನು ಬಳಿದ ಹಲಗೆಗಳನ್ನು ಯಾವ ಪುರುಷಾರ್ಥಕ್ಕೆ ಮಾಡುತ್ತಾರೋ ನನಗೆ ತಿಳಿಯದು.

ಈ ವಿದ್ಯೆಗೂ ಮಿತಿಯುಂಟು. ಆ ಮಿತಿಯನ್ನು ಗೊತ್ತುಮಾಡುವುದು ಗಾಳಿಯ ದಿಕ್ಕು. ಸ್ಪೇನಿನ ದಕ್ಷಿಣದ ತುದಿಯಲ್ಲಿ, ಆಫ್ರಿಕಾವು ಹದಿನಾಲ್ಕೇ ಕಿಲೋಮೀಟರು ದೂರವಿರುವ ಜಿಬ್ರಾಲ್ಟರ್ ಜಲಸಂಧಿಯ ಬಾಯಲ್ಲಿ, ತರೀಫಾ ಎಂಬ ಊರಿದೆ. ಯೂರೋಪಿನ ಕೈಟ್‌ಬೋರ್ಡಿಂಗ್ ಪ್ರಿಯರಿಗೆ ಅದೊಂದು ಯಾತ್ರಾಸ್ಥಳ. ಅಲ್ಲಿ ಪಡುವಣಿಂದ ಬೀಸುವ ಪೊನಿಯೆಂತೆ ಎಂಬ ಗಾಳಿ ತೇಲುವ ವಸ್ತುವನ್ನು ದಡದ ಕಡೆಗೇ ತಂದೊಪ್ಪಿಸುವುದು. ಸವಾರನು ಆಲಸ್ಯದಿಂದ ದಡಕ್ಕೆ ಬಂದು ಕಾಯುತ್ತ ಕುಳಿತರೂ ನಡೆದೀತು. ಮೂಡಣದ ಲೆವಾಂತೆಯಾದರೋ, ಲೋಸ್ ಲಾನ್ಸೆಸ್ ಮರಳದಂಡೆಯಿಂದ ಅಟ್ಲಾಂಟಿಕ್ ಸಾಗರದತ್ತ ನೂಕುವಂಥದು. ಅಂಥ ದಿನ ಒಂದೆರಡು ಪ್ರಯತ್ನಗಳಲ್ಲಿ ಅಂತರ ಕಿರಿದಾಗದಿದ್ದರೆ, ಹಲಗೆಯ ಆಶೆಯನ್ನು ತೊರೆದು, ಅದೇ ದೇಹಫಲಕದ ಉಪಾಯದಿಂದ ದಡ ಸೇರುವುದೇ ವಿವೇಕ. ಸೇರಿದೊಡನೆ ಕರಾವಳಿ ರಕ್ಷಕರಿಗೆ ವರ್ತಮಾನ ಕೊಡಬೇಕು. ಹಲಗೆಯ ಮೇಲೆ ಫೋನ್ ಸಂಖ್ಯೆ ಬರೆದಿರಬೇಕು. ಇಲ್ಲವಾದರೆ, ದಾರಿಹೋಕ ಹಡಗಿನವರು ಆ ಬರಿಯ ಹಲಗೆಯನ್ನು ಕಂಡು ಸುದ್ದಿ ಮುಟ್ಟಿಸಲು, ದಡದಲ್ಲಿ ಬಿಸಿ ಕಾಫಿ ಕುಡಿಯುತ್ತ ಕುಳಿತವನೊಬ್ಬನಿಗಾಗಿ ರಕ್ಷಣಾನೌಕೆಗಳು ಕತ್ತಲಾಗುವವರೆಗೂ ಕಡಲನ್ನು ಜಾಲಾಡಬೇಕಾದೀತು.