ಕೈ ಜಗ್ಗುವ ವಿಮಾನ

ಒಂದೂವರೆ ಮೀಟರ್ ರೆಕ್ಕೆಯ ಮಾದರಿ ವಿಮಾನವೊಂದು ಗಂಟೆಗೆ ಸುಮಾರು 87 ಕಿಲೊಮೀಟರ್ ವೇಗದಲ್ಲಿ ನೆಟ್ಟಗೆ ನೆಲದತ್ತ ಧುಮುಕುತ್ತದೆ. ಇನ್ನೇನು ಮೂತಿ ಮಣ್ಣಿಗೆ ಬಡಿಯಿತು ಎನ್ನುವಾಗ, ಎದೆಮಟ್ಟದಲ್ಲಿ ಚಕ್ಕನೆ ಮೂಲೆ ತಿರುಗಿ, ಹೊಟ್ಟೆ ಮೇಲಾಗಿ, ಗೆರೆ ಎಳೆದಂತೆ ಸಾಗುತ್ತದೆ. ಅದರೊಳಗೆ ರೇಡಿಯೊ ಇಲ್ಲ, ಗೈರೊ ಇಲ್ಲ, ಜಿಪಿಎಸ್ ಇಲ್ಲ. ಎರಡು ಉಕ್ಕಿನ ತಂತಿ ಇವೆ. ತಂತಿಯ ಇನ್ನೊಂದು ತುದಿಯಲ್ಲಿ, ಮೈದಾನದ ನಡುವೆ, ಒಬ್ಬ ಮನುಷ್ಯ ತನ್ನ ಸುತ್ತ ತಾನೇ ತಿರುಗುತ್ತಿದ್ದಾನೆ.

ಇದು ಕಂಟ್ರೋಲ್ ಲೈನ್ ಮಾದರಿ ವಿಮಾನ. ಐದು ಸಾವಿರ ರೂಪಾಯಿಯ ಡ್ರೋನ್ ಕೂಡ ತಾನೇ ಎದ್ದು ತಾನೇ ನಿಲ್ಲುವ ಈ ಕಾಲದಲ್ಲಿ, ವಿಮಾನವನ್ನು ಕಟ್ಟಿಹಾಕಿ ಹಾರಿಸುವುದರಲ್ಲಿ ಏನು ಸುಖ ಎಂದು ಕೇಳುವವರಿದ್ದಾರೆ. ಕಟ್ಟಿರುವುದರಲ್ಲೇ ಸುಖ ಎಂಬುದು ನನ್ನ ವಾದ. ಅದಕ್ಕೆ ಮೊದಲು ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ನೋಡೋಣ.

ಪೈಲಟ್ ಕೈಯಲ್ಲಿ ಒಂದು ಹಿಡಿ ಇರುತ್ತದೆ. ಅದರ ಮೇಲ್ತುದಿಗೊಂದು, ಕೆಳತುದಿಗೊಂದು ತಂತಿ. ದಪ್ಪ ಅರ್ಧ ಮಿಲಿಮೀಟರಿಗೂ ಕಡಿಮೆ, ಉದ್ದ ಸುಮಾರು 20 ಮೀಟರ್. ಎರಡೂ ವಿಮಾನದ ಎಡರೆಕ್ಕೆಯ ತುದಿಯಿಂದ ಒಳಹೊಕ್ಕು ಬೆಲ್‌ಕ್ರ್ಯಾಂಕ್ ಎಂಬ ಪುಟ್ಟ ತ್ರಿಕೋನದ ಎರಡು ಮೂಲೆಗಳಿಗೆ ಸೇರುತ್ತವೆ. ತ್ರಿಕೋನದ ಮೂರನೆಯ ಮೂಲೆಯಿಂದ ಹೊರಟ ಸರಳು ಬಾಲದಲ್ಲಿ ಮೇಲೆ ಕೆಳಗೆ ಆಡುವ ಎಲಿವೇಟರ್ ಎಂಬ ಪಟ್ಟಿಗೆ ಹೋಗುತ್ತದೆ. ಹಿಡಿಯ ಮೇಲ್ತುದಿಯನ್ನು ಮೈಕಡೆಗೆ ವಾಲಿಸಿದರೆ ಮೇಲಿನ ತಂತಿ ಎಳೆಯುತ್ತದೆ, ಬೆಲ್‌ಕ್ರ್ಯಾಂಕ್ ಹೊರಳುತ್ತದೆ, ಎಲಿವೇಟರ್ ಏಳುತ್ತದೆ, ಮೂತಿ ಮೇಲಕ್ಕೆ. ಆಚೆಗೆ ವಾಲಿಸಿದರೆ ಕೆಳಕ್ಕೆ. ಅಷ್ಟೇ. ಎಡಬಲ ತಿರುಗಿಸುವ ಮಾತಿಲ್ಲ, ಹೆಚ್ಚಿನ ವಿಮಾನಗಳಲ್ಲಿ ಇಂಜಿನ್ ವೇಗ ಏರಿಸಿ ಇಳಿಸುವ ಅನುಕೂಲವೂ ಇಲ್ಲ. ಇಂಧನ ಮುಗಿದಾಗ ಇಂಜಿನ್ ನಿಲ್ಲುತ್ತದೆ, ಉಳಿದ ವೇಗದಲ್ಲಿ ವಿಮಾನವನ್ನು ಇಳಿಸಬೇಕು.

ಈ ಏರ್ಪಾಟು ನಡೆಯುವುದು ತಂತಿ ಬಿಗಿಯಾಗಿದ್ದರೆ ಮಾತ್ರ. ಬಿಗಿ ಎಲ್ಲಿಂದ ಬರುತ್ತದೆ? ಕವಣೆಯ ಕಲ್ಲು ಹಗ್ಗವನ್ನು ಜಗ್ಗುವಂತೆಯೇ ವೃತ್ತದಲ್ಲಿ ಸುತ್ತುವ ವಿಮಾನವೂ ತಂತಿಯನ್ನು ಜಗ್ಗುತ್ತದೆ. ಲೆಕ್ಕ ಶಾಲೆಯದೇ: ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸುವುದು. 1.8 ಕಿಲೊ ತೂಕದ ವಿಮಾನ 20 ಮೀಟರ್ ತಂತಿಯ ತುದಿಯಲ್ಲಿ ಐದು ಸೆಕೆಂಡಿಗೆ ತುಸು ಹೆಚ್ಚು ಸಮಯದಲ್ಲಿ ಒಂದು ಸುತ್ತು ಹಾಕಿದರೆ ಕೈಗೆ ಬರುವ ಎಳೆತ ಐದು ಕಿಲೊ ಮೀರುತ್ತದೆ. ಅಂದರೆ ತನ್ನ ತೂಕದ ಸುಮಾರು ಮೂರು ಪಟ್ಟು.

ನೆತ್ತಿಯ ಮೇಲೆ ಬಂದಾಗ ಲೆಕ್ಕ ಬದಲಾಗುತ್ತದೆ. ಅಲ್ಲಿ ಗುರುತ್ವ ವಿಮಾನವನ್ನು ನೇರ ಪೈಲಟ್ ಕಡೆಗೇ ಎಳೆಯುವುದರಿಂದ ಮೂರು ಪಟ್ಟಿನಲ್ಲಿ ಒಂದು ಪಟ್ಟು ಕಳೆದುಹೋಗುತ್ತದೆ. ಏರುವಾಗ ವೇಗವೂ ತಗ್ಗಿದ್ದರೆ ಇನ್ನಷ್ಟು ಖೋತಾ. ತಂತಿ ಸಡಿಲವಾದ ಆ ಕ್ಷಣ ಹಿಡಿಯನ್ನು ಎತ್ತ ವಾಲಿಸಿದರೂ ವಿಮಾನಕ್ಕೆ ಸುದ್ದಿ ಮುಟ್ಟುವುದಿಲ್ಲ. ಅನುಭವಿಗಳು ಆಗ ಒಂದೇ ಕೆಲಸ ಮಾಡುತ್ತಾರೆ: ಹಿಂದಕ್ಕೆ ಓಡುತ್ತಾರೆ. ಬಿಗಿ ಮರಳಿದರೆ ವಿಮಾನ ಉಳಿಯಿತು.

ಹಾಗಾಗಿ ಪೈಲಟ್ ಕಸರತ್ತುಗಳನ್ನು ಗಾಳಿ ತನ್ನ ಬೆನ್ನಿಗೆ ಬೀಸುವಂತೆ ನಿಂತೇ ಮಾಡಬೇಕು. ಆಗ ಗಾಳಿ ವಿಮಾನವನ್ನು ಹೊರಕ್ಕೆ ತಳ್ಳಿ ತಂತಿಯನ್ನು ಬಿಗಿ ಇಡುತ್ತದೆ. ವಿಮಾನದ ರಚನೆಯಲ್ಲೂ ಇದೇ ಚಿಂತೆ. ಮೇಲಿನಿಂದ ನೋಡಿದರೆ ಅದು ಅಪ್ರದಕ್ಷಿಣವಾಗಿ ಸುತ್ತುತ್ತದೆ, ಎಡರೆಕ್ಕೆ ಯಾವಾಗಲೂ ಪೈಲಟ್ ಕಡೆಗೆ. ಬಲರೆಕ್ಕೆ ದೊಡ್ಡ ವೃತ್ತದಲ್ಲಿ ಓಡುವುದರಿಂದ ಅದರ ವೇಗ ಹೆಚ್ಚು, ಎತ್ತುವ ಬಲವೂ ಹೆಚ್ಚು. ಅದನ್ನು ಸರಿದೂಗಿಸಲು ಹಲವು ವಿನ್ಯಾಸಗಳಲ್ಲಿ ಎಡರೆಕ್ಕೆಯನ್ನು ಎರಡು ಮೂರು ಸೆಂಟಿಮೀಟರ್ ಉದ್ದ ಮಾಡುತ್ತಾರೆ. ತಂತಿಗಳ ತೂಕಕ್ಕೆ ಎದುರಾಗಿ ಬಲರೆಕ್ಕೆಯ ತುದಿಯಲ್ಲಿ ಒಂದಿಷ್ಟು ಸೀಸ ಇಡುತ್ತಾರೆ. ಚುಕ್ಕಾಣಿಯನ್ನು ತುಸು ಹೊರಕ್ಕೆ ತಿರುಗಿಸಿ ಅಂಟಿಸುವವರೂ ಇದ್ದಾರೆ.

ವೇಗದ ಸ್ಪರ್ಧೆಗೆ ಬಂದರೆ ಈ ಲೆಕ್ಕಗಳು ಹುಚ್ಚು ಹಿಡಿಸುತ್ತವೆ. ಅಂತರರಾಷ್ಟ್ರೀಯ ವಿಮಾನ ಕ್ರೀಡಾ ಒಕ್ಕೂಟದ ಎಫ್‌2ಎ ವಿಭಾಗದಲ್ಲಿ 2.5 ಸಿಸಿ ಇಂಜಿನಿನ ವಿಮಾನಗಳು ಗಂಟೆಗೆ 300 ಕಿಲೊಮೀಟರ್ ಆಸುಪಾಸಿನಲ್ಲಿ ಓಡುತ್ತವೆ. ತಂತಿ 17.69 ಮೀಟರ್, ಒಂಬತ್ತು ಸುತ್ತಿಗೆ ಸರಿಯಾಗಿ ಒಂದು ಕಿಲೊಮೀಟರ್. ಆ ವೇಗದಲ್ಲಿ ವಿಮಾನದ ಮೇಲೆ ಬೀಳುವ ಹೊರಸೆಳೆತ ಅದರ ತೂಕದ 40 ಪಟ್ಟು. ಮಣಿಕಟ್ಟು ಅಲುಗದಂತೆ ಪೈಲಟ್ ಅದನ್ನು ಮೈದಾನದ ನಡುವಿನ ಕಂಬದ ಕವೆಯಲ್ಲಿಟ್ಟು ಸುತ್ತುತ್ತಾನೆ. ಇಲ್ಲಿ ಗಾಳಿಯ ಅಡ್ಡಿಯಲ್ಲಿ ದೊಡ್ಡ ಪಾಲು ವಿಮಾನದ್ದಲ್ಲ, ತಂತಿಗಳದ್ದು! ವಿಮಾನಕ್ಕೆ ಬಲರೆಕ್ಕೆ ಇದ್ದೂ ಇಲ್ಲದಂತೆ. ಅದನ್ನು ಒಂಟಿರೆಕ್ಕೆ ಎಂದರೂ ತಪ್ಪಿಲ್ಲ. ಎಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತವೇ. ಆದರೆ ನೋಡುವವರಿಗೆ ಕೀಚಲು ಸದ್ದು, ತಲೆಸುತ್ತು, ಮುಗಿಯಿತು. ನನ್ನ ಮತ ಏನಿದ್ದರೂ ಕಸರತ್ತಿನ ಎಫ್‌2ಬಿ ವಿಭಾಗಕ್ಕೆ.

ಅಲ್ಲಿ ಏಳು ನಿಮಿಷದೊಳಗೆ ನಿಗದಿಯಾದ ಆಕೃತಿಗಳನ್ನು ಗಾಳಿಯಲ್ಲಿ ಬರೆಯಬೇಕು. ದುಂಡು ಲೂಪ್, ಚೌಕ ಲೂಪ್, ತ್ರಿಕೋನ, ಮಲಗಿದ ಎಂಟು, ನಿಂತ ಎಂಟು, ನೆತ್ತಿಯ ಮೇಲಿನ ಎಂಟು, ನಾಲ್ಕೆಸಳಿನ ಹೂವು. ಚೌಕ ಲೂಪಿನ ಮೂಲೆಯನ್ನು ಗಮನಿಸಿ. 3 ಮೀಟರ್ ತ್ರಿಜ್ಯದಲ್ಲಿ ತಿರುಗಿದರೂ ಆ ಕ್ಷಣಾರ್ಧದಲ್ಲಿ ವಿಮಾನದ ಮೇಲಿನ ಭಾರ ತೂಕದ 20 ಪಟ್ಟಾಗುತ್ತದೆ. 1.8 ಕಿಲೊ ವಿಮಾನದ ರೆಕ್ಕೆ 36 ಕಿಲೊ ಹೊರಬೇಕು. ಆ ರೆಕ್ಕೆ ತಯಾರಾಗಿದ್ದಾದರೂ ಯಾವುದರಿಂದ? ಬಾಲ್ಸಾ ಪಟ್ಟಿ ಮತ್ತು ತೆಳು ಕಾಗದದಿಂದ.

ಕಟ್ಟುವ ಸುಖ ಶುರುವಾಗುವುದು ಇಲ್ಲಿ. ಬಾಲ್ಸಾ ಹೆಚ್ಚಾಗಿ ಈಕ್ವೆಡಾರ್‌ನಿಂದ ಬರುವ ಮರ. ಸಾಂದ್ರತೆ ತೇಗದ ಕಾಲುಭಾಗ. ಒಂದೇ ಹಲಗೆಯ ಎರಡು ತುದಿಗಳ ತೂಕದಲ್ಲೂ ವ್ಯತ್ಯಾಸವಿರುತ್ತದೆ. ಆದ್ದರಿಂದ ಬಲ್ಲವರು ಅಂಗಡಿಗೆ ತಕ್ಕಡಿ ಒಯ್ಯುತ್ತಾರೆ. ಗಟ್ಟಿ ಹಲಗೆ ರೆಕ್ಕೆಯ ಉದ್ದಕ್ಕೂ ಸಾಗುವ ಸ್ಪಾರ್‌ಗೆ, ಹಗುರ ಹಲಗೆ ಅಡ್ಡಕ್ಕೆ ನಿಲ್ಲುವ ರಿಬ್ಬಿಗೆ. ರಿಬ್ಬುಗಳನ್ನು ನಕ್ಷೆಯ ಮೇಲೆ ಗುಂಡುಸೂಜಿಯಿಂದ ನಿಲ್ಲಿಸಿ ಅಂಟಿಸಿದಾಗ ರೆಕ್ಕೆ ಇನ್ನೂ ಕೈಯಲ್ಲಿ ತಿರುಚಿಕೊಳ್ಳುತ್ತದೆ. ಮೇಲೆ ಕಾಗದ ಹೊದಿಸಿ, ನೀರು ಚಿಮುಕಿಸಿ ಒಣಗಲು ಬಿಟ್ಟರೆ ಅದು ಸೆಟೆದು ನಿಲ್ಲುತ್ತದೆ. ಡೋಪ್ ಎಂಬ ಘಾಟು ವಾಸನೆಯ ಅರಗು ಬಳಿದರೆ ಇನ್ನೂ ಬಿಗಿ. ತಿರುಚುತ್ತಿದ್ದ ಹಂದರ ಈಗ ಜಪ್ಪಯ್ಯ ಎಂದರೂ ಬಗ್ಗುವುದಿಲ್ಲ. ಮನೆಯವರು ಡೋಪಿನ ವಾಸನೆಗೆ ಬೈಯುವುದು ಈ ಹವ್ಯಾಸದ ಅವಿಭಾಜ್ಯ ಅಂಗ. ಬಣ್ಣದ ವಿಷಯದಲ್ಲಿ ಮಾತ್ರ ಆಸೆ ಹಿಡಿತದಲ್ಲಿರಬೇಕು: ಹೊಳಪಿಗೆಂದು ಬಳಿದ 50 ಗ್ರಾಂ ಬಣ್ಣ ಚೌಕದ ಮೂಲೆಯಲ್ಲಿ ಒಂದು ಕಿಲೊ ಆಗಿ ತೂಗುತ್ತದೆ.

ಮೂಲೆ ಚೂಪಾಗಲು ಇನ್ನೊಂದು ಉಪಾಯವಿದೆ. ಎಲಿವೇಟರ್ ಮೇಲೆದ್ದಾಗ ರೆಕ್ಕೆಯ ಹಿಂಬದಿಯ ಫ್ಲಾಪ್ ಕೆಳಗಿಳಿಯುವಂತೆ ಜೋಡಿಸುವುದು. ಬಾಲ ತಿರುಗಿಸುತ್ತದೆ, ಫ್ಲಾಪ್ ರೆಕ್ಕೆಗೆ ಹೆಚ್ಚಿನ ಎತ್ತುಬಲ ಕೊಡುತ್ತದೆ. ಅಮೆರಿಕದ ಜಾರ್ಜ್ ಆಲ್ಡ್ರಿಚ್ 1950ರ ದಶಕದ ಆರಂಭದಲ್ಲಿ ರೂಪಿಸಿದ ‘ನೋಬ್ಲರ್’ ಈ ಫ್ಲಾಪುಗಳಿದ್ದ ಹೆಸರಾಂತ ವಿಮಾನ. ಅದನ್ನು ಇಂದಿಗೂ ಕಟ್ಟುತ್ತಾರೆ.

ಇಂಜಿನಿನದು ಬೇರೆಯೇ ಕಥೆ. ಮೆಥನಾಲ್, ಹರಳೆಣ್ಣೆ, ಒಂದಿಷ್ಟು ನೈಟ್ರೊಮೀಥೇನ್ ಇದರ ಇಂಧನ. ಗ್ಲೋ ಪ್ಲಗ್ಗಿನ ಪ್ಲಾಟಿನಂ ಸುರುಳಿಯನ್ನು ಶುರುವಿನಲ್ಲಿ ಬ್ಯಾಟರಿಯಿಂದ ಕೆಂಪಗಾಗಿಸುತ್ತಾರೆ. ಆಮೇಲೆ ಬ್ಯಾಟರಿ ತೆಗೆದರೂ ಮೆಥನಾಲ್ ಆವಿಯ ಜೊತೆಗಿನ ರಾಸಾಯನಿಕ ಕ್ರಿಯೆಯಿಂದ ಅದು ಕೆಂಪಗೇ ಉಳಿಯುತ್ತದೆ. ಹಳೆಯ ಫಾಕ್ಸ್ 35ರಂಥ ಇಂಜಿನುಗಳನ್ನು ಬೇಕೆಂದೇ ಇಂಧನ ಹೆಚ್ಚಾಗುವಂತೆ ಹದಮಾಡುತ್ತಾರೆ. ಮಟ್ಟಸ ಹಾರಾಟದಲ್ಲಿ ಅದು ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಉರಿಯುತ್ತ ಗೊರಗೊರ ಎನ್ನುತ್ತದೆ. ಮೂತಿ ಎತ್ತಿದೊಡನೆ ಮಿಶ್ರಣ ತೆಳುವಾಗಿ ಪ್ರತಿ ಸುತ್ತಿಗೂ ಉರಿದು, ದನಿ ಏರಿ, ಬೇಕಾದ ಶಕ್ತಿ ಬೇಕಾದಾಗ ಸಿಗುತ್ತದೆ. ಕಂಪ್ಯೂಟರ್ ಇಲ್ಲದ ಸ್ವಯಂನಿಯಂತ್ರಣ! ಈಗ ಆ ಕೆಲಸವನ್ನು ವಿದ್ಯುತ್ ಮೋಟಾರ್ ಮತ್ತು ಟೈಮರ್ ಸದ್ದಿಲ್ಲದೆ, ಇನ್ನೂ ಚೆನ್ನಾಗಿ ಮಾಡುತ್ತವೆ. ಹರಳೆಣ್ಣೆ ಹೊಗೆಯ ವಾಸನೆಗೆ ಬಿದ್ದವರು ಇದನ್ನು ಒಪ್ಪುವುದಿಲ್ಲ.

ತಂತಿ ಕಟ್ಟಿ ಹಾರಿಸುವ ಈ ತಂತ್ರವನ್ನು ಜನಪ್ರಿಯಗೊಳಿಸಿದವನು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಜಿಮ್ ವಾಕರ್. ‘ಫೈರ್‌ಬಾಲ್’ ಎಂಬ ವಿಮಾನದ ಕಿಟ್ ಮಾರಿದ, ಪೇಟೆಂಟ್ ಪಡೆದ. ಎರಡು ಕೈಗೆ ಎರಡು, ತಲೆಗೆ ಕಟ್ಟಿಕೊಂಡು ಮೂರನೆಯದು, ಹೀಗೆ ಒಟ್ಟಿಗೆ ಮೂರು ವಿಮಾನ ಹಾರಿಸಿ ಜನರನ್ನು ಬೆರಗುಗೊಳಿಸಿದ. ಪುಟ್ಟ ಇಂಜಿನುಗಳಿಗೆ ಹೆಸರಾದ ಲೆರಾಯ್ ಕಾಕ್ಸ್ ಮೇಲೆ ಪೇಟೆಂಟ್ ಮೊಕದ್ದಮೆ ಹೂಡಿದಾಗ ಮಾತ್ರ ತಿರುಗುಬಾಣವಾಯಿತು. ಅದೇ ಒರೆಗಾನ್ ರಾಜ್ಯದ ಓಬಾ ಸೇಂಟ್ ಕ್ಲೇರ್ 1937ರ ಹೊತ್ತಿಗೇ ‘ಮಿಸ್ ಶರ್ಲಿ’ ಎಂಬ ವಿಮಾನವನ್ನು ಇದೇ ತತ್ವದಲ್ಲಿ ಹಾರಿಸಿದ್ದ ಸಂಗತಿ 1955ರಲ್ಲಿ ನ್ಯಾಯಾಲಯದ ಮುಂದೆ ಬಂತು, ವಾಕರ್ ಸೋತ. ಅಲ್ಲಿಂದ ಈ ವಿದ್ಯೆ ಎಲ್ಲರದಾಯಿತು.

ಈಗ ನನ್ನ ವಾದಕ್ಕೆ ಬರುತ್ತೇನೆ. ರೇಡಿಯೊ ವಿಮಾನವನ್ನು ಕಣ್ಣಿನಿಂದ ಹಾರಿಸುತ್ತೇವೆ. ಅದಕ್ಕೇನಾಗುತ್ತಿದೆ ಎಂಬುದು ಬೆರಳಿಗೆ ತಿಳಿಯುವುದಿಲ್ಲ. ಇಲ್ಲಿ ಪ್ರತಿ ಗಾಳಿಯ ಹೊಡೆತ, ಇಂಜಿನಿನ ಪ್ರತಿ ತೊದಲು, ವೇಗದ ಪ್ರತಿ ಏರಿಳಿತ ಎಳೆತವಾಗಿ ಅಂಗೈಗೆ ಬರುತ್ತದೆ. ತಾನೇ ಆರಿಸಿದ ಬಾಲ್ಸಾ, ತಾನೇ ಇಟ್ಟ ಸೀಸ ಸರಿಯಿತ್ತೇ ಎಂಬ ಉತ್ತರವೂ ಅದೇ ತಂತಿಯಲ್ಲಿ ಬರುತ್ತದೆ. ಕಟ್ಟುವುದು ಮತ್ತು ಹಾರಿಸುವುದು ಇಷ್ಟು ಹತ್ತಿರವಿರುವ ಇನ್ನೊಂದು ಹವ್ಯಾಸ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಇದನ್ನು ಕಲಿಯಲು ಒಂದು ದಾರಿ ಎನ್‌ಸಿಸಿಯ ವಾಯು ವಿಭಾಗ. ಅಲ್ಲಿ ಏರೋಮಾಡೆಲಿಂಗ್ ಪಾಠವಿದೆ. ಅಖಿಲ ಭಾರತ ವಾಯು ಸೈನಿಕ್ ಶಿಬಿರದ ಸ್ಪರ್ಧೆಗಳಲ್ಲಿ ಕಂಟ್ರೋಲ್ ಲೈನ್ ಕೂಡ ಸೇರಿದೆ. ಬೆಂಗಳೂರಿನ ಜಾಲಹಳ್ಳಿ ವಾಯುನೆಲೆಯಲ್ಲೂ ಈ ಶಿಬಿರ ನಡೆದದ್ದುಂಟು. ಸ್ವಂತ ಕಲಿಯುವವರು ಚಪ್ಪಟೆ ಹಲಗೆಯನ್ನೇ ಒಡಲಾಗಿಸಿದ ಸರಳ ವಿಮಾನದಿಂದ ಶುರು ಮಾಡಿ. ಬಿದ್ದರೆ ಅರ್ಧ ದಿನದಲ್ಲಿ ಅಂಟಿಸಬಹುದು. ಮೊದಲ ಸುತ್ತುಗಳಲ್ಲಿ ತಲೆ ತಿರುಗುತ್ತದೆ, ಕಣ್ಣನ್ನು ವಿಮಾನದ ಮೇಲೇ ನೆಟ್ಟರೆ ಕಡಿಮೆಯಾಗುತ್ತದೆ. ಹಿಡಿಗೆ ಕಟ್ಟಿದ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳದೆ ಹಾರಿಸಬೇಡಿ. ವೃತ್ತದೊಳಗೆ ಯಾರನ್ನೂ ಬಿಡಬೇಡಿ. ಗುಡುಗು ಕೇಳಿಸಿದರೆ ಇಳಿಸಿಬಿಡಿ. ಮೈದಾನದ ಹತ್ತಿರ ಎಲ್ಲೇ ಆಗಲಿ ವಿದ್ಯುತ್ ಲೈನ್ ಹಾದುಹೋಗಿದ್ದರೆ ಬೇರೆ ಮೈದಾನ ಹುಡುಕಿ: ನಿಮ್ಮ ಕೈಯಲ್ಲಿರುವುದು ಉಕ್ಕಿನ ತಂತಿ, ಅದರಲ್ಲಿ ವಿದ್ಯುತ್ ಹರಿಯುತ್ತದೆ.