ಸೀಳುಬೆನ್ನಿನ ಮಕ್ಕಳೂ ಮೂತ್ರಕೋಶದ ತೊಂದರೆಯೂ

ಎಂಟು ಹತ್ತು ವರ್ಷದ ಬಾಲಕನೊಬ್ಬನ ಬಟ್ಟೆ ತರಗತಿಯಲ್ಲಿ ಪದೇ ಪದೇ ಒದ್ದೆಯಾಗುತ್ತಿದ್ದರೆ ನಾವು ಅದನ್ನು ಅಲಕ್ಷ್ಯವೆಂದೋ, ಅಂಜಿಕೆಯೆಂದೋ, ಮನೆಯವರು ಅಭ್ಯಾಸ ಮಾಡಿಸದ ದೋಷವೆಂದೋ ಭಾವಿಸುತ್ತೇವೆ. ಗದರಿಸುವುದೂ ಉಂಟು. ಆ ಬಾಲಕನು ಸ್ಪೈನಾ ಬೈಫಿಡಾ, ಎಂದರೆ ಸೀಳುಬೆನ್ನು ಎಂಬ ಜನ್ಮಜಾತ ಊನವುಳ್ಳವನಾಗಿದ್ದರೆ ಗದರಿಕೆಯಿಂದ ಫಲವಿಲ್ಲ. ಮೂತ್ರಕೋಶ ತುಂಬಿತೆಂಬ ಸುದ್ದಿಯೇ ಅವನ ಮೆದುಳನ್ನು ಸರಿಯಾಗಿ ತಲುಪುವುದಿಲ್ಲ.

ಗರ್ಭಾಂಕುರವಾದ ಸುಮಾರು ೨೮ ದಿನಗಳೊಳಗೆ ಭ್ರೂಣದ ನರಪಟ್ಟಿಯು ಮಡಿಚಿಕೊಂಡು ಕೊಳವೆಯಾಗಿ ಮುಚ್ಚಿಕೊಳ್ಳಬೇಕು. ಅದು ಒಂದೆಡೆ ತೆರೆದೇ ಉಳಿದರೆ ಮಗುವು ಬೆನ್ನಿನ ಮೇಲೆ ಗಂಟಿನೊಡನೆಯೋ ತೆರೆದ ಗಾಯದೊಡನೆಯೋ ಹುಟ್ಟುತ್ತದೆ. ಶಸ್ತ್ರಚಿಕಿತ್ಸೆಯಿಂದ ಗಾಯವನ್ನು ಮುಚ್ಚಬಹುದು; ಕೆಟ್ಟ ನರಗಳು ಮರಳಿ ಬಾರವು. ಗ್ರಹಣಕಾಲದಲ್ಲಿ ತಾಯಿ ಹೊರಗೆ ಬಂದುದೇ ಇದಕ್ಕೆ ಕಾರಣವೆಂಬ ಹಳ್ಳಿಯ ಮಾತಿಗೆ ಯಾವ ಆಧಾರವೂ ಇಲ್ಲ. ತಾಯಂದಿರು ಈ ಅಪವಾದವನ್ನು ಹೊತ್ತು ಕೊರಗಬೇಕಾಗಿಲ್ಲ.

ಕಾಲುಗಳ ಬಲಹೀನತೆ ಕಣ್ಣಿಗೆ ಕಾಣುತ್ತದೆ. ಊರುಗೋಲು, ಗಾಲಿಕುರ್ಚಿಗಳನ್ನು ಒದಗಿಸಲು ಉದಾರಿಗಳು ಮುಂದೆ ಬರುತ್ತಾರೆ. ಮೂತ್ರಕೋಶದ ತೊಂದರೆ ಮಾತ್ರ ನಾಚಿಕೆಯ ಮರೆಯಲ್ಲಿ ಉಳಿಯುತ್ತದೆ. ಮಗುವಿನ ಆಯುಸ್ಸಿನ ದೃಷ್ಟಿಯಿಂದ ಇದೇ ಹೆಚ್ಚು ಗುರುತರವಾದುದು. ಮೂತ್ರಕೋಶವನ್ನಾಳುವ ನರಗಳು ಬೆನ್ನುಹುರಿಯ ತೀರ ಕೆಳತುದಿಯಿಂದ ಹೊರಡುತ್ತವೆ. ಆದುದರಿಂದಲೇ ಚೆನ್ನಾಗಿ ನಡೆದಾಡಬಲ್ಲ ಮಕ್ಕಳಲ್ಲಿಯೂ ಈ ತೊಂದರೆ ಇರುವುದುಂಟು.

ಆರೋಗ್ಯವಂತರಲ್ಲಿ ಮೂತ್ರಕೋಶದ ಗೋಡೆ ಸಂಕುಚಿಸುವಾಗ ಅದರ ಬಾಯಿಯ ಬಿಗಿಸ್ನಾಯು ಸಡಿಲಗೊಳ್ಳುತ್ತದೆ. ಈ ಮಕ್ಕಳಲ್ಲಿ ಆ ಹೊಂದಾಣಿಕೆ ತಪ್ಪಿರುತ್ತದೆ. ಕೆಲವರಲ್ಲಿ ಎರಡೂ ಸಡಿಲವಾಗಿ ಮೂತ್ರ ಸದಾ ತೊಟ್ಟಿಕ್ಕುತ್ತದೆ. ಮತ್ತೆ ಕೆಲವರಲ್ಲಿ ಗೋಡೆಯು ಹಿಂಡುತ್ತಿರುವಾಗಲೇ ಬಾಯಿಯೂ ಬಿಗಿದುಕೊಳ್ಳುತ್ತದೆ. ಆಗ ಒಳಗಿನ ಒತ್ತಡವು ಏರಿ ಮೇಲಿನ ಮೂತ್ರಪಿಂಡಗಳಿಗೆ ತಟ್ಟುತ್ತದೆ. ಮೂತ್ರವೇ ಹಿಂದಕ್ಕೆ ಹರಿಯುವುದೂ ಉಂಟು. ನೋವಿಲ್ಲದೆ, ಸದ್ದಿಲ್ಲದೆ ವರ್ಷಾನುಗಟ್ಟಲೆ ನಡೆಯುವ ಹಾನಿ ಇದು. ಬಟ್ಟೆ ಒದ್ದೆಯಾಗದ ಮಗುವೇ ಒದ್ದೆಯಾಗುವ ಮಗುವಿಗಿಂತ ಹೆಚ್ಚಿನ ಅಪಾಯದಲ್ಲಿರಬಹುದೆಂಬುದನ್ನು ತಂದೆತಾಯಿಗಳು ಸುಲಭವಾಗಿ ನಂಬುವುದಿಲ್ಲ. ಹುಟ್ಟುವಾಗ ಇವರಲ್ಲಿ ಬಹುಪಾಲು ಮಕ್ಕಳ ಮೂತ್ರಪಿಂಡಗಳು ಸರಿಯಾಗಿಯೇ ಇರುತ್ತವೆ, ಕೆಡುವುದು ಆಮೇಲೆ.

ಇದಕ್ಕೆ ಉಪಾಯವನ್ನು ತೋರಿದವರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯ ಜ್ಯಾಕ್ ಲಾಪಿಡಿಸ್ ಮುಖ್ಯರು. ಅದುವರೆಗೆ ಕೊಳವೆಯನ್ನು ಸಂಪೂರ್ಣ ಕ್ರಿಮಿರಹಿತವಾಗಿ ಮಾಡದೆ ಮೂತ್ರಕೋಶಕ್ಕೆ ತೂರಿಸುವುದು ಅಪರಾಧವೆಂಬಂತೆ ವೈದ್ಯಲೋಕ ತಿಳಿದಿತ್ತು. ಎಷ್ಟೋ ಮಕ್ಕಳಿಗೆ ಕರುಳಿನ ತುಂಡೊಂದನ್ನು ಜೋಡಿಸಿ, ಹೊಟ್ಟೆಯ ಮೇಲೆ ಕಟ್ಟಿದ ಚೀಲಕ್ಕೆ ಮೂತ್ರ ಹರಿಯುವಂತೆ ಮಾಡುತ್ತಿದ್ದರು. ಮೂತ್ರಕೋಶವು ಅತಿಯಾಗಿ ಹಿಗ್ಗಿ, ಅದರ ಗೋಡೆಗೆ ರಕ್ತಸಂಚಾರ ಕುಂದುವುದೇ ಸೋಂಕಿನ ಮೂಲವೆಂದೂ, ಹೊತ್ತುಹೊತ್ತಿಗೆ ಖಾಲಿ ಮಾಡಿದರೆ ಕೇವಲ ಶುಚಿಯಾದ ಕೊಳವೆ ಸಾಕೆಂದೂ ಲಾಪಿಡಿಸ್ ೧೯೭೨ರಲ್ಲಿ ಪ್ರಕಟಿಸಿದರು. ಎಷ್ಟು ಸರಳ! ಕೈ ತೊಳೆದು, ಕ್ಯಾಥೆಟರ್ ಎಂಬ ಸಣ್ಣ ಕೊಳವೆಯನ್ನು ಹಗಲು ಮೂರು ನಾಲ್ಕು ಗಂಟೆಗೊಮ್ಮೆ ಒಳಸೇರಿಸಿ, ಮೂತ್ರವನ್ನು ಪೂರ್ತಿಯಾಗಿ ಬಸಿದು ಹೊರತೆಗೆಯುವುದು. ಮೊದಲು ತಾಯಿ ಮಾಡುತ್ತಾಳೆ. ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಅನೇಕ ಮಕ್ಕಳು ತಾವೇ ಕಲಿಯುತ್ತಾರೆ. ಒತ್ತಡ ತಗ್ಗಿಸಲು ವೈದ್ಯರು ಆಕ್ಸಿಬ್ಯುಟಿನಿನ್ ಮುಂತಾದ ಔಷಧಗಳನ್ನೂ ಕೊಡುವರು.

ಆದರೆ ಶಾಲೆಯ ಹೊತ್ತು ಮೂರು ನಾಲ್ಕು ಗಂಟೆಗಿಂತ ದೀರ್ಘವಾದುದು. ಚಿಕಿತ್ಸೆಯ ಪಾಲೊಂದು ಅನಿವಾರ್ಯವಾಗಿ ಶಾಲೆಯ ಆವರಣದೊಳಗೇ ನಡೆಯಬೇಕು. ಶಾಲೆಯಲ್ಲಿ ನೀರಿಲ್ಲದ, ಅಗುಳಿಯಿಲ್ಲದ ಶೌಚಾಲಯವಿದ್ದರೆ ಆ ಮಗು ಒಂದೋ ಕೊಳವೆಯನ್ನು ಬಿಡುತ್ತದೆ, ಇಲ್ಲವೇ ಶಾಲೆಯನ್ನು ಬಿಡುತ್ತದೆ. ಕೆಲವರು ಬಟ್ಟೆ ಒದ್ದೆಯಾದೀತೆಂದು ನೀರನ್ನೇ ಕುಡಿಯುವುದಿಲ್ಲ. ಅದರಿಂದ ಮಲಬದ್ಧತೆಯೂ ಸೋಂಕೂ ಹೆಚ್ಚುತ್ತವೆ.

ಅಧ್ಯಾಪಕ ಬಂಧುಗಳು ಇನ್ನೊಂದೆರಡು ಸಂಗತಿಗಳನ್ನು ಅರಿತಿರಬೇಕು. ಈ ಮಕ್ಕಳಲ್ಲಿ ಹಲವರ ತಲೆಯಲ್ಲಿ ನೀರು ತುಂಬುವುದರಿಂದ, ಅದನ್ನು ಹೊಟ್ಟೆಗೆ ಹರಿಸುವ ನಳಿಕೆಯನ್ನು ಅಳವಡಿಸಿರುತ್ತಾರೆ. ಅಂಥ ಮಗು ತಲೆನೋವೆಂದು ವಾಂತಿ ಮಾಡಿ ಮಂಪರಿಗೆ ಇಳಿದರೆ ಪಿತ್ತವೆಂದು ಮಲಗಿಸದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಲಿನಲ್ಲಿ ಸ್ಪರ್ಶಜ್ಞಾನವಿಲ್ಲದವರು ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಿಂತರೆ ಸುಟ್ಟದ್ದೂ ತಿಳಿಯದು. ರಬ್ಬರಿನ ಲೇಟೆಕ್ಸ್ ಇವರಲ್ಲಿ ಅನೇಕರಿಗೆ ಒಗ್ಗುವುದಿಲ್ಲ; ವಾರ್ಷಿಕೋತ್ಸವದ ಬಲೂನುಗಳೂ ಇದಕ್ಕೆ ಹೊರತಲ್ಲ. ಲೆಕ್ಕದಲ್ಲಿಯೂ ಏಕಾಗ್ರತೆಯಲ್ಲಿಯೂ ಕೆಲವರಿಗೆ ತೊಡಕುಂಟಾಗಬಹುದಾದರೂ ಬಹುತೇಕರ ಬುದ್ಧಿಶಕ್ತಿ ಸಾಮಾನ್ಯ ಮಟ್ಟದ್ದೇ.

ಈ ಊನವನ್ನು ಬಹುಮಟ್ಟಿಗೆ ತಡೆಯಲೂ ಸಾಧ್ಯ. ಮೊದಲೇ ಇಂಥ ಗರ್ಭ ಧರಿಸಿದ್ದ ತಾಯಂದಿರು ಮುಂದಿನ ಗರ್ಭಕ್ಕೆ ಮುಂಚಿನಿಂದಲೇ ದಿನಕ್ಕೆ ೪ ಮಿಲಿಗ್ರಾಂ ಫೋಲಿಕ್ ಆಮ್ಲ ಸೇವಿಸಿದರೆ ಅದು ಮರುಕಳಿಸುವ ಸಂಭವ ಶೇಕಡಾ ೭೨ರಷ್ಟು ತಗ್ಗುವುದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆ ೧೯೯೧ರಲ್ಲಿ ಸಿದ್ಧಪಡಿಸಿತು. ಉಳಿದವರಿಗೆ ೪೦೦ ಮೈಕ್ರೋಗ್ರಾಂ ಸಾಕು. ಗರ್ಭ ಖಚಿತವಾದ ಮೇಲೆ ಆರಂಭಿಸಿದರೆ ಆ ೨೮ ದಿನಗಳು ಕಳೆದೇ ಹೋಗಿರುತ್ತವೆ.

ದಾನಿಗಳಾದ ಮಹನೀಯರಲ್ಲಿ ಒಂದು ಅರಿಕೆ. ಹೊಸ ಸಭಾಂಗಣಕ್ಕೆ ನೀಡುವ ಹಣದ ಅಲ್ಪಭಾಗದಲ್ಲಿ ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು, ಇಳಿಜಾರಿನ ದಾರಿ, ಕುಳಿತುಕೊಳ್ಳುವ ಪೀಠ, ಹಿಡಿಕೆ, ನಲ್ಲಿ, ಸಾಬೂನು, ಒಂದು ಕಪಾಟು, ಒಳಗಿನಿಂದ ಹಾಕಿಕೊಳ್ಳುವ ಅಗುಳಿ ಇರುವ ಕೋಣೆಯೊಂದನ್ನು ಕಟ್ಟಿಸಬಹುದು. ಅದರ ಮೇಲೆ ಹೆಸರಿನ ಶಿಲಾಫಲಕ ಶೋಭಿಸಲಾರದು, ನಿಜ. ಅಧ್ಯಾಪಕರ ಪಾಲಿನದು ಇನ್ನೂ ಕಡಮೆ ಖರ್ಚಿನದು: ಗಡಿಯಾರ ನೋಡಿ ಆ ಮಗು ಎದ್ದು ನಿಂತಾಗ ಕಾರಣ ಕೇಳದೆ ಹೊರಗೆ ಬಿಡುವುದು.